ಎಂಜಲು ತಾಗದ ಮೂರು ಮೊಳೆ

“ಎಣಿಸು,” ಎಂದು ಶಿನೊ ಬೀರುವಿನ ಆ ಖಾನೆಯನ್ನು ಬೋರಲು ಮಾಡಿ ಇನ್‌ಸ್ಪೆಕ್ಟರನ ತೊಡೆಯ ಮೇಲಿಟ್ಟಳು.

“ಎಷ್ಟು ಸಲ ಎಣಿಸಲಿ ಮಾರಾಯ್ತಿ? ಏಳು. ಮೊದಲ ದಿನವೂ ಏಳು, ಇವತ್ತೂ ಏಳು. ಮರಿ ಹಾಕೋಕೆ ಇದೇನು ಬೆಕ್ಕಾ?”

“ಕಣ್ಣಿಂದ ಬೇಡ. ಬೆರಳಿಂದ ಎಣಿಸು.”

ಇನ್‌ಸ್ಪೆಕ್ಟರ್ ಸಕಾಝುಮೆ ಕನ್ನಡಕವನ್ನು ಹಣೆಗೇರಿಸಿ, ಖಾನೆಯ ತಳದ ಅಂಚಿನ ಮೇಲೆ ತೋರುಬೆರಳನ್ನು ನಿಧಾನವಾಗಿ ಎಳೆದ. ಕಿರಿ ಎಂಬ ಹಗುರ ಮರದ ಬಿಳಿ ಹಲಗೆ ನೀರಿನಷ್ಟು ನುಣುಪಾಗಿತ್ತು. ಅದರಲ್ಲಿ ಸಾಲಾಗಿ ಏಳು ಮರದ ಮೊಳೆಗಳು. ಮೊದಲ ನಾಲ್ಕರ ಮೇಲೆ ಬೆರಳು ತಡೆಯಿಲ್ಲದೆ ಜಾರಿತು. ಐದನೆಯದರ ಹತ್ತಿರ ಉಗುರು ಸಿಕ್ಕಿಕೊಂಡಿತು. ಆರನೆಯದರಲ್ಲೂ. ಏಳನೆಯದರಲ್ಲೂ.

“ಸೀಳು,” ಎಂದ. “ಕೂದಲೆಳೆಯಷ್ಟು. ಅದು ನನ್ನ ವರದಿಯಲ್ಲೇ ಇದೆ. ನನ್ನ ಕೇಸು ನಿಂತಿರೋದೇ ಆ ಮೂರು ಸೀಳಿನ ಮೇಲೆ.”

“ಗೊತ್ತು. ಅದಕ್ಕೇ ಅದೇ ಸೀಳಲ್ಲಿ ನಿನ್ನ ಕೇಸನ್ನ ಕೆಡವೋಣ ಅಂತ ಬಂದೆ.”

ಕಾಮೋ ಊರಿನ ಹಿರಿಯ ಬೀರು ಕಸುಬುದಾರ ಗೆಂಪಾಚಿ ಒರಿಕಾಸಾ ತನ್ನದೇ ಅಂಗಳದಲ್ಲಿ, ಹದವಾಗಲೆಂದು ಮಳೆ ಹಿಮಕ್ಕೆ ಒಡ್ಡಿದ್ದ ಹಲಗೆಗಳ ಗೋಪುರದಡಿ ಸತ್ತು ಸಿಕ್ಕಿದ್ದ. ಅವನ ಜೊತೆ ಐವತ್ತು ವರ್ಷ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಿದ ತೊಮೆಜಿ ಲಾಕಪ್ಪಿನಲ್ಲಿದ್ದ. ಇಂದಿಗೆ ಇಪ್ಪತ್ತೆರಡನೆಯ ದಿನ. ಕಾನೂನಿನ ಪ್ರಕಾರ ಇಪ್ಪತ್ತಮೂರಕ್ಕೆ ಕೇಸು ಹಾಕಬೇಕು, ಇಲ್ಲವೇ ಬಿಡಬೇಕು. ನಾಳೆ ಹತ್ತು ಗಂಟೆಗೆ ಸರ್ಕಾರಿ ವಕೀಲರು ಸಹಿ ಹಾಕುವವರಿದ್ದರು.

ಶಿನೊ ಕುವಾಬಾರಾ ತೊಮೆಜಿಯ ವಕೀಲರ ಪರವಾಗಿ ಸತ್ಯ ಹುಡುಕುವವಳು. ಐವತ್ತೆರಡು ವರ್ಷ. ಅವಳ ಅಪ್ಪ ಇದೇ ಬೀದಿಯಲ್ಲಿ ಬೀರುಗಳಿಗೆ ಕಬ್ಬಿಣದ ಹಿಡಿಕೆ ಹೊಡೆಯುತ್ತಿದ್ದವನು. ಸಕಾಝುಮೆ ಶಾಲೆಯಲ್ಲಿ ಅವಳ ಬೆಂಚಿನ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದವನು. ಅಲ್ಲಿಂದ ಇಲ್ಲಿಯವರೆಗೆ ಅವರಿಬ್ಬರ ಜಗಳ ನಿಂತಿಲ್ಲ.

ಪಕ್ಕದ ಕೋಣೆಯಿಂದ ಸರ್... ಸರ್... ಎಂಬ ಸದ್ದು ಒಂದೇ ಸಮನೆ ಬರುತ್ತಿತ್ತು. ಜೊತೆಗೆ ತೌಡು ಹುರಿಯುವ ವಾಸನೆ. ಗೆಂಪಾಚಿಯ ಹೆಂಡತಿ ಮಸಾನೊ ಬಾಣಲೆಯ ಮುಂದೆ ಕೂತು, ಗಟ್ಟಿಯಾಗಲೆಂದು ಅಕ್ಕಿ ತೌಡಿನಲ್ಲಿ ಮರದ ಮೊಳೆ ಹುರಿಯುತ್ತಿದ್ದಳು. ಹೊಡೆಯುವವರು ಯಾರೂ ಇರಲಿಲ್ಲ. ಆದರೂ ಹುರಿಯುತ್ತಿದ್ದಳು. ನಲವತ್ತಾರು ವರ್ಷ ದಿನವೂ ಹುರಿದ ಕೈಗೆ ಬೇರೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ.

“ಶುರು ಮಾಡು,” ಎಂದ ಸಕಾಝುಮೆ. “ಹನ್ನೊಂದಕ್ಕೆ ನಾನು ಠಾಣೆಯಲ್ಲಿರಬೇಕು.”

“ನೀನೇ ಹೇಳು ಮೊದಲು. ನಿನ್ನ ವರದಿ ಏನನ್ನುತ್ತೆ?”

“ಗೆಂಪಾಚಿಯವರು ಮೊಳೆ ನೆನೆಯಲಿ ಅಂತ ಒಂದು ಸಲಕ್ಕೆ ಏಳನ್ನ ಬಾಯಲ್ಲಿ ಇಟ್ಕೊಳ್ತಿದ್ರು. ಖಾನೆಯ ಒಂದು ಬದಿಗೆ ಏಳು. ಹೆಣದ ಬಾಯಲ್ಲಿ ಮೂರು ಮೊಳೆ ಸಿಕ್ತು. ಬಾಯಲ್ಲಿ ಮೊಳೆ ಇಟ್ಕೊಂಡು ಯಾರೂ ಹಿಮದಲ್ಲಿ ಹಲಗೆ ನೋಡೋಕೆ ಹೋಗಲ್ಲ. ಅಂದ್ರೆ ಸತ್ತಿದ್ದು ಇಲ್ಲೇ, ಕೆಲಸದ ಮುಂದೇ. ನಾಲ್ಕು ಹೊಡೆದಾದ ಮೇಲೆ ಯಾರೋ ತಲೆಗೆ ಹೊಡೆದ್ರು. ಆಮೇಲೆ ಹೆಣ ಅಂಗಳಕ್ಕೆ ಹೋಯ್ತು, ಗೋಪುರ ಬಿತ್ತು. ಅರ್ಧ ಆದ ಖಾನೆ ನೋಡಿದ್ರೆ ಜನಕ್ಕೆ ಅನುಮಾನ ಬರುತ್ತೆ ಅಂತ ಆ ಯಾರೋ ಉಳಿದ ಮೂರು ಮೊಳೆ ತಾವೇ ಹೊಡೆದಿಟ್ರು.”

“ಒಣಗಿದ್ದನ್ನ.”

“ಹೌದು, ಒಣಗಿದ್ದನ್ನ. ಎಂಜಲು ತಾಗದ ಮೊಳೆ ಕಿರಿ ಮರವನ್ನ ಸೀಳುತ್ತೆ ಅಂತ ನೀನೇ ನನಗೆ ಪಾಠ ಹೇಳಿದ್ದೆ. ಈ ಮನೇಲಿ ಮೊಳೆ ಹೊಡೆಯೋಕೆ ಬರೋದು ಇಬ್ಬರಿಗೆ. ಒಬ್ಬರು ಸತ್ತರು. ಇನ್ನೊಬ್ಬ ತೊಮೆಜಿ. ಹೋದ ಶರತ್ಕಾಲದಲ್ಲಿ ಅವನು ಹಲ್ಲೆಲ್ಲ ಕೀಳಿಸಿ ಕಟ್ಟಿಸಿಕೊಂಡ. ಕಟ್ಟಿಸಿದ ಹಲ್ಲಲ್ಲಿ ಮೊಳೆ ನಿಲ್ಲಲ್ಲ. ಮುಗೀತು.”

ಶಿನೊ ನಕ್ಕಳು. ತೊಮೆಜಿ ಕೂರುತ್ತಿದ್ದ ಜಾಗದಿಂದ ಕಿವಿ ಒಡೆದ ಒಂದು ಚಹಾ ಬಟ್ಟಲನ್ನು ತಂದು ಅವನ ಮುಂದಿಟ್ಟಳು. ಒಳಗೆ ಸುತ್ತಲೂ ಕಂದು ಕರೆ ಕಟ್ಟಿತ್ತು.

“ಇದು ಚಹಾ ಕರೆ ಅಂದುಕೊಂಡೆ ನೀನು. ಮೂಸಿ ನೋಡು. ತೌಡು. ಹಲ್ಲು ಹೋದ ಮೇಲೆ ತೊಮೆಜಿ ಮೊಳೆಯನ್ನ ಈ ನೀರಲ್ಲಿ ಅದ್ದಿ ಹೊಡೀತಿದ್ದ. ಶರತ್ಕಾಲದಿಂದ ಈಚೆ ಅವನು ಮಾಡಿದ ಖಾನೆ ಹನ್ನೊಂದು, ಅಗೋ ಗೋಡೆಗೆ ಒರಗಿಸಿದ್ದೀನಿ. ಒಂದರಲ್ಲಿ ಒಂದು ಸೀಳು ತೋರಿಸು, ಈ ಬೀದಿ ಬಿಟ್ಟು ಹೋಗ್ತೀನಿ.”

ಸಕಾಝುಮೆ ಎದ್ದು ಹನ್ನೊಂದಕ್ಕೂ ಬೆರಳೆಳೆದ. ಅವನು ಅಹಂಕಾರಿ, ಆದರೆ ಸೋಮಾರಿಯಲ್ಲ. ಕೊನೆಯದನ್ನು ಮುಟ್ಟಿ ತಿರುಗಿದಾಗ ಹುಬ್ಬು ಗಂಟಾಗಿತ್ತು.

“ಹೆದರಿಕೇಲಿ ಅದ್ದೋದು ಮರೆತಿರಬಹುದು.”

“ಐವತ್ತು ವರ್ಷದ ಕೈ ಮರೆಯಲ್ಲ. ಮರೆತರೂ ಒಂದನೇ ಪೆಟ್ಟಿಗೆ ಕಿರ್ ಅನ್ನೋ ಸದ್ದು ಕಿವಿಗೆ ಬಿದ್ದು ನಿಲ್ಲಿಸುತ್ತೆ. ಇದನ್ನ ಹೊಡೆದವನಿಗೆ ಆ ಸದ್ದು ಕೇಳುವಷ್ಟು ವ್ಯವಧಾನ ಇರಲಿಲ್ಲ.”

ಬಾಗಿಲ ಪರದೆ ಸರಿಯಿತು. ತಕುರೊ ಕೊಯಾನಾಗಿ ಬಗ್ಗಿ ಒಳಬಂದ. ಮಸಾನೊಳ ತಂಗಿಯ ಮಗ; ಈ ಮನೆಯ ಬೀರುಗಳನ್ನು ಊರೂರಿಗೆ ಮಾರುವವನು. ನಲವತ್ತರ ಆಸುಪಾಸು, ಇಸ್ತ್ರಿ ಮುರಿಯದ ನೀಲಿ ಕೋಟು, ಮುಖಕ್ಕಿಂತ ಒಂದು ಹೆಜ್ಜೆ ಮುಂದೆ ಬರುವ ನಗು.

“ತಡವಾಯ್ತು, ಕ್ಷಮಿಸಿ. ಮದುಮಗಳ ಮನೆಯವರು ಮತ್ತೆ ಫೋನ್ ಮಾಡಿದ್ರು. ಮಗು ಹುಟ್ಟಿದ ದಿನ ನೆಟ್ಟ ಮರ ಸಾರ್, ಮುಂದಿನ ತಿಂಗಳು ಅದೇ ಮರದ ಬೀರು ಅವಳ ಜೊತೆ ಗಂಡನ ಮನೆಗೆ ಹೋಗಬೇಕು. ಸಾವು ನೋವು ಎಲ್ಲ ಆದ ಮನೆ ಅಂತ ನಾನು ಹೇಳಿದ್ರೆ, ಮರಕ್ಕೇನು ಗೊತ್ತು ಅಂತಾರೆ.”

“ಮರಕ್ಕೆ ಎಲ್ಲ ಗೊತ್ತಿರುತ್ತೆ ತಕುರೊ ಅವರೇ,” ಎಂದಳು ಶಿನೊ. “ಬನ್ನಿ, ಕೂತ್ಕೊಳ್ಳಿ. ಒಂದು ಸಣ್ಣ ಸಹಾಯ ಬೇಕಿತ್ತು.”

“ನನ್ನಿಂದ?”

“ಒಣ ಮೊಳೆ ಮರ ಸೀಳುತ್ತೋ ಇಲ್ಲವೋ ಅಂತ ಇನ್‌ಸ್ಪೆಕ್ಟರಿಗೆ ಕಣ್ಣಾರೆ ತೋರಿಸಬೇಕು. ನನ್ನ ಭುಜ ನೋವು. ಇವನ ಬೆರಳು ನೋಡಿ, ಮೂಲಂಗಿ. ನೀವು ಹೊಡೀರಿ.”

“ಅಯ್ಯೋ, ನಾನು ಬಾಯಿ ಬಂಡವಾಳದವನು. ಈ ಕೋಣೇಲಿ ಸುತ್ತಿಗೆ ಮುಟ್ಟಿದವನೇ ಅಲ್ಲ. ಪೊಲೀಸರಿಗೂ ಹಾಗೇ ಬರೆದುಕೊಟ್ಟಿದ್ದೀನಿ.”

“ಅದಕ್ಕೇ ನೀವೇ ಸರಿ. ಕಸುಬು ಗೊತ್ತಿಲ್ಲದವರು ಹೇಗೆ ಹೊಡೀತಾರೆ ಅಂತಲೂ ನೋಡಿದ ಹಾಗಾಯ್ತು.”

ಸಕಾಝುಮೆ ಆಕಳಿಸಿದ. ಅವನು ಬೇಕೆಂದು ಆಕಳಿಸಿದನೋ, ನಿಜಕ್ಕೂ ಬೇಸತ್ತಿದ್ದನೋ, ಅದು ತಕುರೊಗೆ ಧೈರ್ಯ ಕೊಟ್ಟಿತು. ಕೋಟು ಬಿಚ್ಚಿ, ಮಡಿಚಿಟ್ಟು, ಕೆಲಸದ ಹಲಗೆಯ ಮುಂದೆ ಕೂತ.

ಶಿನೊ ತೊಮೆಜಿ ಅರ್ಧಕ್ಕೆ ಬಿಟ್ಟಿದ್ದ ಖಾನೆಯ ಚೌಕಟ್ಟನ್ನು ಅವನ ಮುಂದಿಟ್ಟಳು. ತೂತುಗಳನ್ನು ಮೊದಲೇ ಕೊರೆದಿತ್ತು. ತಳದ ಹಲಗೆಯನ್ನು ಮೇಲೆ ಕೂರಿಸಿ, “ಎಡಗೈಯಲ್ಲಿ ಬಿಗಿಯಾಗಿ ಒತ್ತಿ ಹಿಡೀರಿ. ಸಡಿಲ ಬಿಟ್ರೆ ಜಾರುತ್ತೆ,” ಎಂದಳು. ಬಲಗೈಗೆ ಸುತ್ತಿಗೆ ಕೊಟ್ಟಳು. ಕೊಟ್ಟ ಕೈ ಬಿಡುವ ಮೊದಲೇ, ಅದೇ ಅಂಗೈಗೆ ಮಸಾನೊ ಬೆಳಿಗ್ಗೆ ಹುರಿದು ಆರಿಸಿದ್ದ ಏಳು ಮೊಳೆಗಳನ್ನೂ ಸುರಿದಳು. ಮೊಳೆಗಳ ಮೈಯೆಲ್ಲ ತೌಡಿನ ಕಂದು ಪುಡಿ.

“ಹೊಡೀರಿ. ಬೇಗ. ಹಲಗೆ ಜಾರ್ತಿದೆ.”

ಹಲಗೆ ನಿಜವಾಗಿಯೂ ಜಾರಿತು. ತಕುರೊ ಎಡ ಅಂಗೈಯನ್ನು ಒತ್ತಿದ. ಬಲಗೈಯಲ್ಲಿ ಸುತ್ತಿಗೆ, ಸುತ್ತಿಗೆಯ ಜೊತೆ ಮೊಳೆ. ಬೇರೆ ಯಾರಾದರೂ ಮೊಳೆಗಳನ್ನು ನೆಲಕ್ಕೆ ಹಾಕುತ್ತಿದ್ದರು. ಜೇಬಿಗೆ ಹಾಕುತ್ತಿದ್ದರು. ಇಲ್ಲವೇ, ಸ್ವಲ್ಪ ತಡೀರಿ ಎನ್ನುತ್ತಿದ್ದರು.

ತಕುರೊನ ಬಲಗೈ ಸೀದಾ ಬಾಯಿಗೆ ಹೋಯಿತು. ಏಳೂ ಮೊಳೆ ತುಟಿಯ ನಡುವೆ ಮಾಯವಾದವು. ಕೆನ್ನೆಯ ಒಳಗೆ ನಾಲಿಗೆ ಒಂದು ಸುತ್ತು ತಿರುಗಿತು. ಒಂದು ಮೊಳೆಯ ಚೂಪು ತುದಿ, ಕೈಗೆ ಎಟುಕುವಂತೆ, ತುಟಿಯಂಚಿನಿಂದ ಇಣುಕಿತು.

ಪಕ್ಕದಲ್ಲಿ ಬಾಣಲೆ ಸರ್... ಸರ್... ಎನ್ನುತ್ತಿತ್ತು.

“ಎಷ್ಟು ವರ್ಷ ಕಲಿತಿದ್ರಿ?” ಎಂದಳು ಶಿನೊ, ಮೆಲ್ಲಗೆ.

ತಕುರೊನ ನಗು ಮುಖದ ಮೇಲೇ ಇತ್ತು, ತೆಗೆಯಲು ಮರೆತ ಹೊದಿಕೆಯಂತೆ.

“ನಾಲಿಗೆಯಿಂದ ಮೊಳೆ ತಿರುಗಿಸೋಕೆ ನನ್ನಪ್ಪನಿಗೆ ಎರಡು ವರ್ಷ ಹಿಡೀತು. ಕಬ್ಬಿಣದ ಮೊಳೆ, ಪಾಪ, ನಾಲಿಗೆಯೆಲ್ಲ ಗಾಯ. ನೀವು ಕಣ್ಣು ಮಿಟುಕಿಸೋದರಲ್ಲಿ ಮಾಡಿದ್ರಿ. ಹೇಳಿ, ಎಷ್ಟು ವರ್ಷ?”

ಸಕಾಝುಮೆ ಕೈ ಎತ್ತಿದ. ಅವನ ಮುಖದಲ್ಲಿ ಬೆರಗಿಗಿಂತ ಹೆಚ್ಚಾಗಿ ಸಿಟ್ಟಿತ್ತು.

“ನಿಲ್ಲು ನಿಲ್ಲು. ಇವನು ಸುಳ್ಳು ಹೇಳಿದ, ಒಪ್ಪಿದೆ. ಕಸುಬು ಬರುತ್ತೆ, ಅದನ್ನೂ ಒಪ್ಪಿದೆ. ಆದರೆ ನೀನು ನಿನ್ನ ಕಾಲಿಗೇ ಕೊಡಲಿ ಹಾಕ್ಕೊಂಡೆ ಶಿನೊ. ಇವನ ಕೈ ತಾನಾಗೇ ಬಾಯಿಗೆ ಹೋಯ್ತು. ಅಂದ್ರೆ ಇವನು ಹೊಡೆದಿದ್ರೆ ಆ ಮೂರು ಮೊಳೆಗೂ ಎಂಜಲು ತಾಗಿರಬೇಕಿತ್ತು. ಸೀಳು ಬರ್ತಿರಲಿಲ್ಲ. ನೀನು ಬಿಡಿಸಿದ್ದು ತೊಮೆಜಿಯನ್ನಲ್ಲ, ಇವನನ್ನ.”

ತಕುರೊನ ಭುಜ ಒಂದಿಷ್ಟು ಇಳಿಯಿತು. ಅದನ್ನು ಶಿನೊ ನೋಡಿದಳು. ಅದಕ್ಕೇ ಕಾದಿದ್ದಳು.

ಅಂಗೈ ಒಡ್ಡಿದಳು. “ಉಗುಳಿ.”

“ಏ...”

“ಮೊಳೆ. ನನ್ನ ಕೈಗೆ ಉಗುಳಿ.”

ಉಗುಳಲು ಅವನಿಂದ ಆಗಲಿಲ್ಲ. ಬೆರಳು ಹಾಕಿ ಒಂದೊಂದಾಗಿ ತೆಗೆದ. ಎರಡು ತುಟಿಗೆ ಅಂಟಿಕೊಂಡಿದ್ದವು. ಕೀಳುವಾಗ ಚರ್ಮವೂ ಜೊತೆಗೆ ಬಂತು.

ಶಿನೊ ಆ ಏಳನ್ನೂ ಇನ್‌ಸ್ಪೆಕ್ಟರನ ಬಿಳಿ ಕರವಸ್ತ್ರದ ಮೇಲೆ ಸಾಲಾಗಿ ಇಟ್ಟಳು. ಕಿಟಕಿಯಿಂದ ಹಿಮದ ಬೆಳಕು ನೇರವಾಗಿ ಬೀಳುತ್ತಿತ್ತು. ಏಳರ ಮೈಮೇಲೂ ತೌಡಿನ ಪುಡಿ ಹಾಗೆಯೇ ಕೂತಿತ್ತು. ಒಂದು ಕಣವೂ ನೆಂದಿರಲಿಲ್ಲ.

“ಮೊಳೆಯನ್ನ ಬಾಯಿಗೆ ಹಾಕ್ಕೊಂಡರೆ ಸಾಲದು ಸಕಾಝುಮೆ. ಬಾಯಲ್ಲಿ ಪಸೆ ಇರಬೇಕು. ಹೆದರಿದವನ ನಾಲಿಗೆ ಕಟ್ಟಿಗೆ. ಇವತ್ತು ಬರೀ ನಿನ್ನ ಮುಖ ನೋಡಿ ಇಷ್ಟು ಒಣಗಿದೆ. ಆವತ್ತು, ಪಕ್ಕದಲ್ಲಿ ಹೆಣ ಇಟ್ಕೊಂಡು, ಎಷ್ಟು ಒಣಗಿರಬೇಡ?”

ಸಕಾಝುಮೆ ಕನ್ನಡಕ ಕಣ್ಣಿಗಿಳಿಸಿ ಕರವಸ್ತ್ರದ ಮೇಲೆ ಬಗ್ಗಿದ. ಏಳನ್ನೂ ಒಂದೊಂದಾಗಿ ನೋಡಿದ. ಆಮೇಲೆ ತಕುರೊನ ಕಡೆ ತಿರುಗಿದಾಗ ಅವನ ದನಿ ಬೇರೆಯಾಗಿತ್ತು.

“ಹೇಳಪ್ಪ.”

“ಮೂರು ವರ್ಷ,” ಎಂದ ತಕುರೊ. ನಗು ಈಗ ಹೋಗಿತ್ತು. ಅದಿಲ್ಲದೆ ಮುಖ ಇನ್ನೂ ಚಿಕ್ಕದಾಗಿ ಕಂಡಿತು. “ಹದಿನೆಂಟಕ್ಕೆ ಬಂದೆ. ಮೂರನೇ ವರ್ಷ ನಾನು ಮಾಡಿದ ಖಾನೆಯನ್ನ ದೊಡ್ಡಪ್ಪ ತೂಗಿ ನೋಡಿ, ನಿನ್ನ ಕೈ ಮರಕ್ಕಲ್ಲ, ನಾಲಿಗೆ ಚೆನ್ನಾಗಿದೆ, ಮಾರೋಕೆ ಹೋಗು ಅಂದ್ರು. ಎಲ್ಲರೆದುರು ಅಂದ್ರು. ಅವತ್ತಿಂದ ಕಲಿತಿದ್ದೆ ಅಂತ ನಾನೇ ಯಾರಿಗೂ ಹೇಳಿಲ್ಲ. ಹೇಳೋಕೆ ಏನಿದೆ?”

“ಆ ಮೂರು ಮೊಳೆ?”

“ನಾನೇ.”

“ಹೆಣ?”

“ನಾನೇ. ಹಿಮದ ಬಂಡಿಯಲ್ಲಿ ಎಳೆದೆ. ಗೋಪುರದ ಆಸರೆಗೋಲು ಕಿತ್ತೆ.” ಅವನು ಒಮ್ಮೆಲೆ ತಲೆಯೆತ್ತಿದ. “ಆದರೆ ನಾನು ಬಂದಾಗ ಅವರು ಆಗಲೇ ಸತ್ತಿದ್ರು! ಮೂರೂವರೆಗೆ ಬಂದೆ. ಇಲ್ಲೇ, ಈ ಹಲಗೆ ಪಕ್ಕ ಬಿದ್ದಿದ್ರು. ಮೈ ಬೆಚ್ಚಗಿತ್ತು, ಉಸಿರಿರಲಿಲ್ಲ. ನಾನು ಕೊಂದಿಲ್ಲ.”

“ಮತ್ತೆ ಯಾಕಪ್ಪ ಸಾಗಿಸಿದೆ? ಪುಣ್ಯಕ್ಕಾ?”

ತಕುರೊನ ಕಣ್ಣು ಪಕ್ಕದ ಕೋಣೆಯ ಪರದೆಯ ಕಡೆ ಹೋಗಿ, ಸುಟ್ಟುಕೊಂಡಂತೆ ಹಿಂದಿರುಗಿತು.

ಅಷ್ಟೇ ಸಾಕಾಗಿತ್ತು. ಬೆಳಗಿನಿಂದ ಒಂದೇ ಸಮನೆ ಕೇಳುತ್ತಿದ್ದ ಬಾಣಲೆಯ ಸದ್ದು ನಿಂತಿತು.

ಪರದೆ ಸರಿಸಿ ಮಸಾನೊ ಹೊಸ್ತಿಲಲ್ಲಿ ನಿಂತಳು. ಗುಬ್ಬಿಯಂಥ ಮುದುಕಿ, ಕೈಯಲ್ಲಿ ಉದ್ದ ಹಿಡಿಯ ಸಟ್ಟುಗ.

“ನನಗೋಸ್ಕರವಾ?” ಎಂದಳು.

“ದೊಡ್ಡಮ್ಮ, ನೀವು ಒಳಗೆ ಹೋಗಿ.”

“ನನಗೋಸ್ಕರವಾ ಅಂತ ಕೇಳಿದೆ ಕಣೋ.”

“ಬೆಳಿಗ್ಗೆ ಅಷ್ಟು ಜಗಳ ಆಗಿತ್ತು. ಅಂಗಡಿಯ ಮುದ್ರೆ, ಯಜಮಾನಿಕೆ ಎಲ್ಲ ತೊಮೆಜಿಗೆ ಕೊಡ್ತೀನಿ ಅಂತ ದೊಡ್ಡಪ್ಪ ಅಂದಾಗ ನೀವು ಸುತ್ತಿಗೆ ಎತ್ತಿ ಬಿಸಾಕಿದ್ರಿ. ನಾನು ಬಂದಾಗ ಮನೇಲಿ ನಿಮ್ಮ ಬಾಣಲೆ ಸದ್ದು ಬಿಟ್ರೆ ಬೇರೆ ನರಪಿಳ್ಳೆ ಇರಲಿಲ್ಲ. ನಾನೇನು ಅಂದುಕೊಳ್ಳಲಿ?”

ಮಸಾನೊ ಹೊಸ್ತಿಲ ಮೇಲೇ ಕೂತಳು. ಸಟ್ಟುಗವನ್ನು ಅವನ ಕಡೆ ಚಾಚಿದಳು.

“ಕತ್ತೆ. ನಾನು ಪರದೆ ಸಂದಿಯಿಂದ ನೋಡಿದಾಗ ನೀನು ಸುತ್ತಿಗೆ ಹಿಡ್ಕೊಂಡು ಅವರ ಜಾಗದಲ್ಲಿ ಕೂತಿದ್ದೆ. ನೀನೇ ಮಾಡಿದೆ ಅಂದುಕೊಂಡೆ. ತಂಗಿಗೆ ಇರೋದು ಒಬ್ಬನೇ ಮಗ ಅಂತ ಇಪ್ಪತ್ತೆರಡು ದಿನ ಬಾಯಿಗೆ ಬೀಗ ಹಾಕ್ಕೊಂಡು ಮೊಳೆ ಹುರಿದೆ. ಆ ತೊಮೆಜಿಯ ಹೆಂಡತಿ ದಿನಾ ಬಾಗಿಲಿಗೆ ಬಂದು ಅಳ್ತಿದ್ರೆ, ನಾನು ಚಹಾ ಕೊಟ್ಟು ಕಳಿಸ್ತಿದ್ದೆ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಒಬ್ಬರನ್ನೊಬ್ಬರು ಕಾಯಲು ಹೋಗಿ, ಮೂರನೆಯವನನ್ನು ಬಲಿ ಕೊಡಲು ಹೊರಟಿದ್ದರು.

ಸಕಾಝುಮೆ ನಿಟ್ಟುಸಿರು ಬಿಟ್ಟು ಪುಸ್ತಕ ತೆಗೆದ. “ಹಾಗಾದ್ರೆ ಸೀಳು ಬಂದ ಮೊಳೆಗೂ ಕೊಲೆಗೂ ಸಂಬಂಧ ಇಲ್ಲ. ತೊಮೆಜಿ ಮೇಲೆ ನನ್ನ ಹತ್ರ ಇದ್ದ ಸಾಕ್ಷಿ ಅದೊಂದೇ. ನೀನು ಗೆದ್ದೆ ಅಂತ ಕಾಣುತ್ತೆ, ಹಿಡಿಕೆ ಹೊಡೆಯೋನ ಮಗಳೇ.”

ಇಲ್ಲಿಗೆ ನಿಲ್ಲಿಸಬಹುದಿತ್ತು. ಆಮೇಲೆ ಎಷ್ಟೋ ಸಲ ಶಿನೊ ಹಾಗಂದುಕೊಂಡಳು. ನಿನ್ನೆ ಗಾಜಿನಾಚೆ ಕೂತಿದ್ದ ತೊಮೆಜಿಗೆ, ಕಟ್ಟಿಸಿದ ಹಲ್ಲಿನ ಬಾಯಿ ಮುಚ್ಚಿಕೊಂಡು ನಾಚಿದ ಆ ಮುದುಕನಿಗೆ, ನಾಡಿದ್ದು ರಾತ್ರಿಯ ಊಟ ನಿಮ್ಮ ಮನೆಯಲ್ಲೇ ಎಂದು ಮಾತು ಕೊಟ್ಟಿದ್ದಳು. ಆದರೆ ಅರ್ಧ ಕೆಲಸಕ್ಕೆ ಕೈಯೆತ್ತುವ ಅಭ್ಯಾಸ ಅವಳಿಗಿರಲಿಲ್ಲ. ಕೊಂದವನು ಬೇರೊಬ್ಬನಿದ್ದ ಎಂಬುದಕ್ಕೆ ಒಂದು ಮಾತಿನ ಸಾಕ್ಷಿ ಸಿಕ್ಕರೆ ನಾಳೆಯ ಸಹಿ ಖಂಡಿತ ಬೀಳುವುದಿಲ್ಲ.

“ಮಸಾನೊ ಅಮ್ಮ, ಆವತ್ತು ಕಿವಿಗೆ ಏನೇನು ಬಿತ್ತು? ಮೊದಲಿಂದ ಹೇಳಿ.”

“ನಾಲ್ಕು ಮೊಳೆ ಹೊಡೆದ ಸದ್ದು. ಅವರದು. ಅವರ ಪೆಟ್ಟು ನನಗೆ ಗೊತ್ತಿಲ್ವಾ, ಒಂದು ಮೊಳೆಗೆ ಮೂರು ಸಲ, ಟಕ್ ಟಕ್ ಟಕ್. ಆಮೇಲೆ ನಿಂತಿತು. ಮಾತು ಕೇಳಿಸ್ತು.”

“ಯಾರ ಮಾತು?”

“ಅವರದೇ. ಏನೋ ಗದರಿದ ಹಾಗೆ. ಆಮೇಲೆ ದಬ್ ಅಂತ ಸದ್ದು. ಹಲಗೆ ಇಳಿಸಿದ್ರು ಅಂದುಕೊಂಡೆ. ತುಂಬ ಹೊತ್ತಾದ ಮೇಲೆ ಇವನ ಪೆಟ್ಟು, ಕಿರ್ ಕಿರ್ ಅಂತ. ಆಗ ಎದ್ದು ನೋಡಿದೆ.”

“ಬರ್ಕೋ,” ಎಂದಳು ಶಿನೊ ಇನ್‌ಸ್ಪೆಕ್ಟರಿಗೆ, ಗೆದ್ದವಳ ದನಿಯಲ್ಲಿ. “ದಬ್ ಅನ್ನೋ ಮೊದಲೇ ಇಲ್ಲಿ ಇನ್ನೊಬ್ಬರಿದ್ರು. ಅಮ್ಮ, ಏನು ಗದರಿದ್ರು? ಒಂದು ಪದ ನೆನಪಿದ್ರೂ ಸಾಕು.”

“ಒಂದು ಪದವೂ ತಿಳೀಲಿಲ್ಲವಮ್ಮ. ಬಾಯಲ್ಲಿ ಮೊಳೆ ಇತ್ತಲ್ಲ. ಬರೀ ಊಂ ಊಂ ಅಂತ.”

“ಮೊಳೆ ಇಟ್ಕೊಂಡೇ ಮಾತಾಡಿದ್ರಾ?”

“ಹೂಂ.”

ಕೇಳಿದ ಮೇಲೆಯೇ ತನ್ನ ಪ್ರಶ್ನೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಶಿನೊಗೆ ಹೊಳೆದದ್ದು. ಗೆಂಪಾಚಿ ಗಟ್ಟಿ ಮರ್ಯಾದಸ್ಥ. ಗಿರಾಕಿ ಬಂದರೆ, ನೆರೆಯವರು ಬಂದರೆ, ಅಂಚೆಯವನು ಬಂದರೂ ಸರಿ, ಮೊಳೆಗಳನ್ನು ಅಂಗೈಗೆ ತೆಗೆದು, ತುಟಿ ಒರೆಸಿ, ಆಮೇಲೆಯೇ ಬಾಯಿ ತೆರೆಯುತ್ತಿದ್ದ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಬಂದ ಅವಳಿಗೂ ಹಾಗೆಯೇ ಮಾಡಿದ್ದ.

ಸಕಾಝುಮೆಗೆ ಅದು ಗೊತ್ತಿರಲಿಲ್ಲ. ಆದರೆ ಅವಳ ಮುಖ ಅವನಿಗೆ ಗೊತ್ತಿತ್ತು. ಪೆನ್ನು ನಿಂತಿತು.

“ಏನಾಯ್ತು?”

ಅವಳು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

“ಅಮ್ಮ,” ಎಂದಳು, “ಮೊಳೆ ತೆಗೀದೇ ಅವರು ಯಾರ ಜೊತೆ ಮಾತಾಡ್ತಿದ್ರು?”

“ಯಾರ ಜೊತೆಗೂ ಇಲ್ಲ. ನನ್ನ ಜೊತೇನೂ ತೆಗೆದೇ ಮಾತಾಡೋರು. ಆ ಊಂ ಊಂ ಯಾರಿಗೆ ಅರ್ಥ ಆಗ್ಬೇಕು? ಅದು ಅರ್ಥ ಆಗ್ತಿದ್ದದ್ದು ಒಬ್ಬನಿಗೇ, ಐವತ್ತು ವರ್ಷ ಪಕ್ಕದಲ್ಲಿ...”

ಮಸಾನೊಳ ಕೈ ತಾನಾಗಿ ಬಾಯಿಗೆ ಹೋಯಿತು. ಸಟ್ಟುಗ ನೆಲಕ್ಕೆ ಬಿತ್ತು. ಪಕ್ಕದ ಕೋಣೆಯಲ್ಲಿ ಬಿಟ್ಟುಬಂದ ತೌಡು ಸೀಯತೊಡಗಿತ್ತು. ಎದ್ದು ಒಲೆ ಆರಿಸಲು ಯಾರಿಗೂ ತೋಚಲಿಲ್ಲ.

ಆವತ್ತು ಹನ್ನೆರಡು ಗಂಟೆಗೇ ಮನೆಗೆ ಹೋಗಿ ಮಲಗಿಬಿಟ್ಟೆ ಶಿನೊ, ವಸಡು ನೋಯ್ತಿತ್ತು, ಎಂದಿದ್ದ ತೊಮೆಜಿ ಗಾಜಿನಾಚೆಯಿಂದ. ಅವಳು ಅದನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಖಾನೆಗಳನ್ನು ಪರೀಕ್ಷಿಸಿದ್ದಳು, ಬಟ್ಟಲನ್ನು ಮೂಸಿದ್ದಳು. ಮನುಷ್ಯನನ್ನು ಮಾತ್ರ ನಂಬಿಬಿಟ್ಟಿದ್ದಳು.

ಸಕಾಝುಮೆ ಕರವಸ್ತ್ರವನ್ನು ಎರಡೂ ಕೈಯಿಂದ ಅವಳ ಮುಂದೆ ಹಿಡಿದ. ಹಿಮದ ಬೆಳಕಿನಲ್ಲಿ ಏಳು ಮೊಳೆ. ಅವನ ದನಿಯಲ್ಲಿ ಕುಹಕವಿರಲಿಲ್ಲ. ಶಾಲೆಯ ಬೆಂಚಿನ ಆ ತುದಿಯಿಂದ ಕೇಳಿದಂತಿತ್ತು.

“ಶಿನೊ. ನಾಳೆ ಹತ್ತು ಗಂಟೆಗೆ ನಾನು ಏನು ಹೇಳಲಿ?”

ಅವಳು ಒಂದು ಮೊಳೆ ಎತ್ತಿಕೊಂಡು ಬಾಯಿಗೆ ಹಾಕಿದಳು. ನಾಲಿಗೆಯ ಮೇಲಿಟ್ಟು, ತುಟಿ ಮುಚ್ಚಿ, ಹತ್ತು ಎಣಿಸಿ ಹೊರಗೆ ತೆಗೆದು ನೋಡಿದಳು.

ತೌಡಿನ ಪುಡಿ ಹಾಗೆಯೇ ಇತ್ತು.